ಮೊಬೈಲ್‌ನಲ್ಲಿ ನಿಮ್ಮ ಅಂಗಡಿ ಬೋರ್ಡ್: ಹಾಕೋದು ಹೇಗೆ, ಕೀಲಿಕೈ ಯಾರ ಹತ್ತಿರ ಇರಬೇಕು?

ಹಾವೇರಿ: ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗೋ ಕಾರು ರಾಣೆಬೆನ್ನೂರು ದಾಟೋ ಹೊತ್ತಿಗೆ ಒಳಗಿದ್ದವರಿಗೆ ಹಸಿವಾಯ್ತು ಅನ್ನಿ. ಈಗ ಗಾಡಿ ನಿಲ್ಲಿಸಿ ದಾರಿಹೋಕರನ್ನು ಕೇಳೋರು ಕಡಿಮೆ. ಮೊಬೈಲ್ ತೆಗೆದು ‘ಹತ್ತಿರದ ಖಾನಾವಳಿ’ ಅಂತ ಹುಡುಕ್ತಾರೆ. ಮೇಲೆ ಬಂದ ಮೂರ್ನಾಲ್ಕು ಹೆಸರಲ್ಲಿ ಒಂದನ್ನು ಒತ್ತಿ ದಾರಿ ಹಿಡೀತಾರೆ. ಅರ್ಧ ಕಿಲೋಮೀಟರ್ ದೂರದಲ್ಲೇ ಬಿಸಿ ರೊಟ್ಟಿ, ಎಣಗಾಯಿ ಪಲ್ಯ ಕೊಡೋ ಖಾನಾವಳಿ ಇದ್ದರೂ ಹೆಸರು ಆ ಪಟ್ಟಿಯಲ್ಲಿ ಇಲ್ಲ ಅಂದ್ರೆ ಅವರ ಪಾಲಿಗೆ ಅದು ಇಲ್ಲವೇ ಇಲ್ಲ.

ಹೆದ್ದಾರಿ ಪಕ್ಕದವರಿಗೆ ಮಾತ್ರ ಇದು ಅನ್ವಯ ಅಂದುಕೊಳ್ಳಬೇಡಿ. ಹಾನಗಲ್‌ನಲ್ಲಿ ಮಿಕ್ಸರ್ ರಿಪೇರಿ ಮಾಡೋರು, ಶಿಗ್ಗಾಂವಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರೋರು, ಸವಣೂರಿನ ಖಾರದ ಅಂಗಡಿಯವರು, ಹಿರೇಕೆರೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯೋ ಅಕ್ಕಂದಿರು, ಎಲ್ಲರನ್ನೂ ಗಿರಾಕಿ ಮೊದಲು ಹುಡುಕೋದು ಫೋನಿನಲ್ಲಿ. ಜಿಲ್ಲೆಯ ಎಂಟೂ ತಾಲ್ಲೂಕಿನ ಅಂಗಡಿಕಾರರಿಗೆ ಉಪಯೋಗ ಆಗಲಿ ಅಂತ ಈ ಮಾಹಿತಿ. ಹಾಗೇ ಇಟ್ಟುಕೊಳ್ಳಿ, ಬೇಕಾದಾಗ ತೆಗೆದು ನೋಡಿ.

ಮೊದಲೇ ಎರಡು ಮಾತು ಹೇಳಿಬಿಡ್ತೀವಿ. ಒಂದು, ಗೂಗಲ್‌ನಲ್ಲಿ ಅಂಗಡಿ ಹೆಸರು ಬರೋದಕ್ಕೆ ಒಂದು ರೂಪಾಯಿನೂ ಕೊಡಬೇಕಾಗಿಲ್ಲ. ಎರಡು, ಯಾರ ಕೈಲಾದರೂ ಮಾಡಿಸಿ, ಆದರೆ ಖಾತೆ ನಿಮ್ಮ ಹೆಸರಲ್ಲಿ ಇರಲಿ. ಅಂಗಡಿ ಶಟರ್ ಕೀಲಿಕೈ ಬೇರೆಯವರ ಕೈಗೆ ಕೊಟ್ಟು ಮನೆಗೆ ಹೋಗ್ತೀರಾ? ಇದೂ ಅಷ್ಟೇ.

ಏನಿದು ಗೂಗಲ್ ಬಿಸಿನೆಸ್ ಪ್ರೊಫೈಲ್?

ಗೂಗಲ್‌ನಲ್ಲಿ ಅಥವಾ ಮ್ಯಾಪ್‌ನಲ್ಲಿ ಅಂಗಡಿ ಹೆಸರು ಹುಡುಕಿದಾಗ ಫೋಟೊ, ಫೋನ್ ನಂಬರ್, ತೆರೆಯೋ ಸಮಯ, ದಾರಿ, ಸ್ಟಾರ್ ಎಲ್ಲ ಒಟ್ಟಿಗೆ ಕಾಣುತ್ತಲ್ಲ, ಅದೇ ಬಿಸಿನೆಸ್ ಪ್ರೊಫೈಲ್. 2014ರಲ್ಲಿ ‘ಗೂಗಲ್ ಮೈ ಬಿಸಿನೆಸ್’ ಅಂತ ಶುರುವಾಗಿದ್ದು 2021ರ ಕೊನೆಗೆ ‘ಗೂಗಲ್ ಬಿಸಿನೆಸ್ ಪ್ರೊಫೈಲ್’ ಆಯ್ತು. ಮೊದಲು ಇದಕ್ಕೆ ಬೇರೆ ಆ್ಯಪ್ ಇತ್ತು, ಈಗ ಇಲ್ಲ. ನಿಮ್ಮ ಜಿಮೇಲ್‌ನಿಂದ ಲಾಗಿನ್ ಆಗಿ ಗೂಗಲ್ ಸರ್ಚ್ ಅಥವಾ ಗೂಗಲ್ ಮ್ಯಾಪ್ಸ್ ಒಳಗೇ ಎಲ್ಲ ಬದಲಾವಣೆ ಮಾಡಬಹುದು. ಹಳೇ ಆ್ಯಪ್ ಹೆಸರಲ್ಲಿ ಯಾರಾದರೂ ಲಿಂಕ್ ಕಳಿಸಿ ‘ಡೌನ್‌ಲೋಡ್ ಮಾಡಿ’ ಅಂದ್ರೆ ಮುಟ್ಟಬೇಡಿ.

ಯಾವ ಅಂಗಡಿ ಮೇಲೆ ಬರಬೇಕು ಅನ್ನೋದಕ್ಕೆ ಗೂಗಲ್ ಮುಖ್ಯವಾಗಿ ಮೂರು ವಿಷಯ ನೋಡುತ್ತೆ. ಗಿರಾಕಿ ಹುಡುಕಿದ್ದಕ್ಕೂ ನಿಮ್ಮ ಅಂಗಡಿಗೂ ಎಷ್ಟು ಹೊಂದುತ್ತೆ, ಅವರಿಂದ ನೀವು ಎಷ್ಟು ದೂರ, ನಿಮ್ಮ ಅಂಗಡಿ ಎಷ್ಟು ಹೆಸರುವಾಸಿ. ಈ ಮೂರನೆಯದರಲ್ಲಿ ರಿವ್ಯೂ ಎಷ್ಟು ಬಂದಿವೆ, ಎಷ್ಟು ಸ್ಟಾರ್ ಇದೆ ಅನ್ನೋದೂ ಸೇರುತ್ತೆ. ಈ ಪಟ್ಟಿಯಲ್ಲಿ ಮೇಲೆ ಬರೋದಕ್ಕೆ ಗೂಗಲ್ ಹಣ ತಗೊಳ್ಳೋದಿಲ್ಲ. ಹಣ ಕೊಟ್ಟು ಹಾಕಿಸೋ ಜಾಹೀರಾತು ಬೇರೆ. ಅದರ ಮೇಲೆ ‘ಪ್ರಾಯೋಜಿತ’ ಅಂತ ಬರೆದಿರುತ್ತೆ, ದುಡ್ಡು ಮುಗಿದ ದಿನ ಅದೂ ಹೋಗುತ್ತೆ.

ಮೊದಲು ಹುಡುಕಿ ನೋಡಿ

ಹೊಸದಾಗಿ ಸೇರಿಸೋ ಮುಂಚೆ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ಹೆಸರು ಹುಡುಕಿ. ಕನ್ನಡದಲ್ಲೂ ನೋಡಿ, ಇಂಗ್ಲಿಷ್‌ನಲ್ಲೂ ನೋಡಿ. ಗಿರಾಕಿಗಳು ಯಾರೋ ಸೇರಿಸಿರಬಹುದು, ಮೊದಲು ಅದೇ ಮಳಿಗೆಯಲ್ಲಿ ಬಾಡಿಗೆಗೆ ಇದ್ದವರ ಹೆಸರೇ ಉಳಿದಿರಬಹುದು. ನಿಮ್ಮ ಅಂಗಡಿ ಮೊದಲೇ ಇದ್ದರೆ ಅದನ್ನು ಒತ್ತಿ ‘ಈ ಬಿಸಿನೆಸ್ ನಿಮ್ಮದೇ?’ ಅನ್ನೋ ಸಾಲಿನಿಂದ ನಿಮ್ಮದು ಮಾಡಿಕೊಳ್ಳಿ. ಇನ್ನೊಂದು ಹೊಸದು ಮಾಡಿದ್ರೆ ಒಂದೇ ಅಂಗಡಿಗೆ ಎರಡು ಗುರುತು ಆಗಿ ಗಿರಾಕಿಗೆ ಗೊಂದಲ, ರಿವ್ಯೂಗಳೂ ಹಂಚಿಹೋಗ್ತವೆ.

ಅಂಗಡಿ ಬೇರೆ ಕಡೆ ಬದಲಾಯಿಸಿದಾಗಲೂ ಹೊಸದು ಮಾಡಬೇಡಿ. ಹಳೇದರಲ್ಲೇ ವಿಳಾಸ ಬದಲಾಯಿಸಿ. ವರ್ಷಗಟ್ಟಲೆ ಬಂದ ರಿವ್ಯೂ ಜೊತೆಗೇ ಬರುತ್ತೆ.

ಸೇರಿಸೋ ಕ್ರಮ

1. ಜಿಮೇಲ್: ಅಂಗಡಿಗೆ ಅಂತಲೇ ಒಂದು ಜಿಮೇಲ್ ಮಾಡಿ. ಪಾಸ್‌ವರ್ಡ್ ಮನೆಯ ಡೈರಿಯಲ್ಲಿ ಬರೆದಿಡಿ. ರಿಕವರಿ ನಂಬರ್ ನಿಮ್ಮದೇ ಇರಲಿ. ಕೆಲಸದ ಹುಡುಗನ ನಂಬರ್ ಹಾಕಿದ್ರೆ ಅವನು ಬಿಟ್ಟುಹೋದ ದಿನ ಖಾತೆಯೂ ಹೋಯ್ತು.

2. ಹೆಸರು: ಬೋರ್ಡ್ ಮೇಲೆ ಏನಿದೆಯೋ ಅದೇ. ‘ಬಸವೇಶ್ವರ ಖಾನಾವಳಿ’ ಅಂತ ಇದ್ದರೆ ಅಷ್ಟೇ ಹಾಕಿ. ‘ಬಸವೇಶ್ವರ ಖಾನಾವಳಿ ಬೆಸ್ಟ್ ರೊಟ್ಟಿ ಊಟ ಹಾವೇರಿ ಬಸ್ ಸ್ಟ್ಯಾಂಡ್ ನಂಬರ್ ಒನ್’ ಅಂತ ಬಾಲ ಹಚ್ಚೋದು ಗೂಗಲ್ ನಿಯಮಕ್ಕೆ ವಿರುದ್ಧ. ಯಾರಾದರೂ ದೂರು ಕೊಟ್ಟರೆ ಪ್ರೊಫೈಲ್ ತಡೆಹಿಡೀಬಹುದು.

3. ವರ್ಗ: ಮುಖ್ಯ ವರ್ಗ ಒಂದೇ ಇರುತ್ತೆ, ಅದರ ಜೊತೆ ಇನ್ನೂ 9 ಸೇರಿಸಬಹುದು. ಹೆಚ್ಚು ವ್ಯಾಪಾರ ಯಾವುದರಿಂದ ಆಗುತ್ತೋ ಅದನ್ನೇ ಮುಖ್ಯ ಮಾಡಿ. ಮೊಬೈಲ್ ರಿಪೇರಿನೇ ಮುಖ್ಯ ಆಗಿದ್ದರೆ ‘ಮೊಬೈಲ್ ಅಂಗಡಿ’ ಅಂತ ಹಾಕಬೇಡಿ, ‘ಮೊಬೈಲ್ ರಿಪೇರಿ’ ಅಂತಲೇ ಹಾಕಿ.

4. ಜಾಗ: ನಮ್ಮ ಕಡೆ ವಿಳಾಸ ಅಂದ್ರೆ ‘ಪಿ.ಬಿ. ರೋಡ್, ಬ್ಯಾಂಕ್ ಎದುರು’ ಅಷ್ಟೇ. ಅದು ಮ್ಯಾಪ್‌ಗೆ ಸಾಲದು. ಗುರುತಿನ ಪಿನ್ ಅನ್ನು ಬೆರಳಿಂದ ಎಳೆದು ಸರಿಯಾಗಿ ನಿಮ್ಮ ಬಾಗಿಲ ಮುಂದೆ ಇಡಿ. ಮ್ಯಾಪ್‌ನಲ್ಲಿ ಆ ಜಾಗ ಒತ್ತಿ ಹಿಡಿದರೆ ‘ಪ್ಲಸ್ ಕೋಡ್’ ಅಂತ ಚಿಕ್ಕದೊಂದು ಗುರುತು ಬರುತ್ತೆ. ಮನೆ ನಂಬರ್, ಬೀದಿ ಹೆಸರು ಇಲ್ಲದ ಜಾಗಕ್ಕೂ ಅದು ವಿಳಾಸ ಇದ್ದಹಾಗೆ. ಹಳ್ಳಿ ಅಂಗಡಿಯವರು ಅದನ್ನು ವಿಸಿಟಿಂಗ್ ಕಾರ್ಡ್‌ನಲ್ಲೂ ಹಾಕಿಸಬಹುದು.

5. ವಿವರಣೆ: 750 ಅಕ್ಷರದವರೆಗೆ ಬರೀಬಹುದು. ಕನ್ನಡದಲ್ಲಿ ಎರಡು ಸಾಲು, ಇಂಗ್ಲಿಷ್‌ನಲ್ಲಿ ಎರಡು ಸಾಲು ಸಾಕು. ಏನು ಮಾರ್ತೀರಿ, ಯಾವ ಊರು, ಹತ್ತಿರದ ಗುರುತು ಏನು, ಮನೆಗೆ ತಲುಪಿಸ್ತೀರಾ, ಇವಿಷ್ಟು ಬರೀರಿ. ನಮ್ಮ ಊರುಗಳ ಹೆಸರನ್ನೇ ಜನ ನಾನಾ ಥರ ಬರೀತಾರೆ. ಶಿಗ್ಗಾಂವಿ, ಶಿಗ್ಗಾವಿ, ಶಿಗ್ಗಾಂವ್ ಎಲ್ಲ ಒಂದೇ ಊರು. ಪೇಟೆಯಲ್ಲಿ ಜನ ಹೇಗೆ ಹೇಳ್ತಾರೋ ಆ ಮಾತೂ ವಿವರಣೆಯಲ್ಲಿ ಇರಲಿ.

ವಿಡಿಯೊ ಪರಿಶೀಲನೆ: ಇಲ್ಲೇ ಬಹಳ ಮಂದಿ ನಿಲ್ಲೋದು

ಅಂಗಡಿ ನಿಜವಾಗಿ ಇದೆಯಾ, ಅದು ನಿಮ್ಮದೇನಾ ಅಂತ ಗೂಗಲ್ ಪರೀಕ್ಷೆ ಮಾಡುತ್ತೆ. ಫೋನ್, ಮೆಸೇಜ್, ಇಮೇಲ್, ವಿಡಿಯೊ ಹೀಗೆ ದಾರಿಗಳಿವೆ. ಯಾವುದು ಅಂತ ಗೂಗಲ್ಲೇ ತೀರ್ಮಾನಿಸುತ್ತೆ, ನಾವು ಆರಿಸೋ ಹಾಗಿಲ್ಲ. ಈಗ ವಿಡಿಯೊ ಕೇಳೋದೇ ಹೆಚ್ಚು.

ವಿಡಿಯೊ ಕನಿಷ್ಠ 30 ಸೆಕೆಂಡ್ ಇರಬೇಕು. ನಡುವೆ ನಿಲ್ಲಿಸದೆ ಒಂದೇ ಸಲ ತೆಗೀಬೇಕು. ಕತ್ತರಿಸಿ ಜೋಡಿಸಿದ್ದು, ಹಾಡು ಹಾಕಿದ್ದು ನಡೆಯೋದಿಲ್ಲ. ಅದರಲ್ಲಿ ಮೂರು ವಿಷಯ ಕಾಣಬೇಕು:

– ಜಾಗ: ರಸ್ತೆ, ಪಕ್ಕದ ಅಂಗಡಿಗಳ ಬೋರ್ಡ್, ಎದುರಿನ ಕಟ್ಟಡ.
– ಅಂಗಡಿ: ನಿಮ್ಮ ಬೋರ್ಡ್, ಒಳಗಿನ ಮಾಲು, ಯಂತ್ರ, ತಕ್ಕಡಿ.
– ನಿಮ್ಮ ಹಕ್ಕು: ಶಟರ್ ಕೀಲಿ ತೆಗೆಯೋದು, ಗಲ್ಲೆ ತೆರೆಯೋದು, ಗೋದಾಮಿನ ಒಳಗೆ ಹೋಗೋದು. ಗಿರಾಕಿ ಮಾಡಲಾಗದ ಯಾವುದಾದರೂ ಕೆಲಸ.

ಬೆಳಿಗ್ಗೆ ಅಂಗಡಿ ತೆರೆಯೋ ಹೊತ್ತೇ ಇದಕ್ಕೆ ಸರಿ. ರಸ್ತೆಯಿಂದ ಶುರು ಮಾಡಿ, ಬೋರ್ಡ್ ತೋರಿಸಿ, ಕೀಲಿ ತೆಗೆದು ಒಳಗೆ ಹೋಗಿ. ಮೂರೂ ಒಂದೇ ಸಲಕ್ಕೆ ಮುಗೀತು. ಗಿರಾಕಿಗಳ ಮುಖ, ಬ್ಯಾಂಕ್ ಪಾಸ್‌ಬುಕ್, ಆಧಾರ್ ವಿಡಿಯೊದಲ್ಲಿ ಬರದಂಗ ನೋಡಿಕೊಳ್ಳಿ. ಉತ್ತರ ಬರೋದಕ್ಕೆ ಕೆಲವು ದಿನ ಆಗಬಹುದು.

ಬೋರ್ಡ್ ಬಗ್ಗೆ ಒಂದು ಮಾತು. 2024ರ ತಿದ್ದುಪಡಿ ಕಾಯ್ದೆ ಪ್ರಕಾರ ಅಂಗಡಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಹೊಸ ಬೋರ್ಡ್ ಬರೆಸೋ ಯೋಚನೆ ಇದ್ದರೆ ಮೊದಲು ಅದನ್ನು ಬರೆಸಿ, ಆಮೇಲೆ ವಿಡಿಯೊ ಮಾಡಿ. ಬೋರ್ಡ್‌ನಲ್ಲಿ ಒಂದು ಹೆಸರು, ಪ್ರೊಫೈಲ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ತಿರಸ್ಕಾರ ಆಗೋ ಸಾಧ್ಯತೆ ಹೆಚ್ಚು.

ಮಾಲೀಕ ಯಾರು, ಮ್ಯಾನೇಜರ್ ಯಾರು?

ಇಡೀ ಲೇಖನದಲ್ಲಿ ಇದೊಂದನ್ನು ಓದಿದರೂ ಸಾಕು.

ಪ್ರೊಫೈಲ್‌ನಲ್ಲಿ ಮೂರು ಥರದ ಹಕ್ಕು ಇರುತ್ತೆ: ಪ್ರಧಾನ ಮಾಲೀಕ, ಮಾಲೀಕ, ಮ್ಯಾನೇಜರ್. ಮ್ಯಾನೇಜರ್ ಆದವರು ಫೋಟೊ ಹಾಕಬಹುದು, ಸಮಯ ಬದಲಾಯಿಸಬಹುದು, ರಿವ್ಯೂಗೆ ಉತ್ತರ ಕೊಡಬಹುದು. ಬೇರೆಯವರನ್ನು ಸೇರಿಸೋದು, ತೆಗೆಯೋದು, ಪ್ರೊಫೈಲ್ ಅಳಿಸೋದು ಅವರಿಂದ ಆಗೋದಿಲ್ಲ. ಅದು ಮಾಲೀಕರ ಕೈಲಿ ಮಾತ್ರ.

ನಡೆಯೋದು ಏನು ಅಂದ್ರೆ, ಒಬ್ಬ ಹುಡುಗ ಅಂಗಡಿಗೆ ಬಂದು ‘ಗೂಗಲ್‌ನಲ್ಲಿ ಹಾಕಿಕೊಡ್ತೀನಿ’ ಅಂತಾನೆ. ತನ್ನ ಜಿಮೇಲ್‌ನಿಂದಲೇ ಎಲ್ಲ ಮಾಡಿಬಿಡ್ತಾನೆ. ಅಂಗಡಿಯವರಿಗೆ ಮ್ಯಾಪ್‌ನಲ್ಲಿ ಹೆಸರು ಬಂತು ಅಂತ ಖುಷಿ. ಆರು ತಿಂಗಳಾದ ಮೇಲೆ ನಂಬರ್ ಬದಲಾಯಿಸಬೇಕು ಅಂದಾಗ ಅವನ ಫೋನ್ ಸ್ವಿಚ್ ಆಫ್, ಇಲ್ಲಾಂದ್ರೆ ‘ವರ್ಷದ ಚಾರ್ಜ್ ಕಟ್ಟಿ’ ಅನ್ನೋ ಮಾತು. ಅಷ್ಟು ದಿನದ ರಿವ್ಯೂ, ಫೋಟೊ, ಹೆಸರು ಎಲ್ಲ ಅವನ ಖಾತೆಯಲ್ಲಿ.

ಕೆಲಸಕ್ಕೆ ದುಡ್ಡು ಕೊಡೋದು ತಪ್ಪಲ್ಲ. ಚೆನ್ನಾಗಿ ಫೋಟೊ ತೆಗೆದುಕೊಟ್ಟರೆ, ವಿವರ ತುಂಬಿಕೊಟ್ಟರೆ ಕೂಲಿ ಕೊಡಲೇಬೇಕು. ಆದರೆ ಮೊದಲೇ ಈ ನಾಲ್ಕು ಮಾತು ಒಪ್ಪಿಸಿಕೊಳ್ಳಿ, ವಾಟ್ಸ್ಯಾಪ್‌ನಲ್ಲಾದರೂ ಬರೆಸಿಕೊಳ್ಳಿ:

– ಪ್ರಧಾನ ಮಾಲೀಕ ಅಂಗಡಿಯ ಜಿಮೇಲ್. ಕೆಲಸ ಮಾಡೋರು ಮ್ಯಾನೇಜರ್ ಮಾತ್ರ.
– ಫೋನ್ ನಂಬರ್ ಅಂಗಡಿಯದೇ. ಅವರ ನಂಬರ್ ಇರಬಾರದು.
– ತೆಗೆದ ಫೋಟೊ ಎಲ್ಲ ನಿಮಗೆ ಕಳಿಸಬೇಕು.
– ಕೆಲಸ ಮುಗಿದ ಮೇಲೆ ಅವರ ಹೆಸರು ತೆಗೆಯೋ ಹಕ್ಕು ನಿಮ್ಮದು.

ಈಗಾಗಲೇ ಬೇರೆಯವರ ಕೈಲಿದ್ದರೆ ಗಾಬರಿ ಬೇಡ. ಮ್ಯಾಪ್‌ನಲ್ಲಿ ಅಂಗಡಿ ಒತ್ತಿ ‘ಈ ಬಿಸಿನೆಸ್ ನಿಮ್ಮದೇ?’ ಅಂತ ಹೋದರೆ ‘ಪ್ರವೇಶ ಕೋರಿ’ ಅನ್ನೋ ದಾರಿ ಸಿಗುತ್ತೆ. ಈಗ ಹಿಡಿದಿರೋರಿಗೆ ಗೂಗಲ್ ಇಮೇಲ್ ಕಳಿಸುತ್ತೆ. ಉತ್ತರ ಕೊಡೋದಕ್ಕೆ ಅವರಿಗೆ 3 ದಿನ ಸಮಯ. ಉತ್ತರ ಬರದಿದ್ದರೆ ನೀವೇ ಪರಿಶೀಲನೆ ಮಾಡಿಸಿ ಪ್ರೊಫೈಲ್ ನಿಮ್ಮದು ಮಾಡಿಕೊಳ್ಳೋ ಅವಕಾಶ ಬರಬಹುದು. ಹೊಸದಾಗಿ ಮಾಲೀಕರಾದವರು ಮೊದಲ 7 ದಿನ ಹಳಬರನ್ನು ತೆಗೆಯೋ ಹಾಗಿಲ್ಲ. ಎಂಟನೇ ದಿನ ಮರೀದೆ ತೆಗೀರಿ.

ವೆಬ್‌ಸೈಟ್ ಮಾಡಿಸೋರಿಗೂ ಇದೇ ಮಾತು. ಡೊಮೇನ್ ಹೆಸರು ನಿಮ್ಮ ಇಮೇಲ್‌ನಲ್ಲಿ ನೋಂದಣಿ ಆಗಿರಬೇಕು, ಪ್ರತಿ ವರ್ಷ ನವೀಕರಣದ ನೆನಪೋಲೆ ನಿಮಗೇ ಬರಬೇಕು. ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆ ಮೊದಲು ಉಚಿತ ವೆಬ್‌ಸೈಟ್ ಸಿಗ್ತಿತ್ತು. 2024ರ ಮಾರ್ಚ್‌ನಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಆ ವಿಳಾಸವನ್ನು ಬಿಲ್ ಬುಕ್‌ನಲ್ಲಿ ಅಚ್ಚು ಹಾಕಿಸಿದವರು ಮತ್ತೆ ಅಚ್ಚು ಹಾಕಿಸಬೇಕಾಯ್ತು. ಬೇರೆಯವರ ಜಾಗದಲ್ಲಿ ಕಟ್ಟಿದ ಮನೆ ಅಂದ್ರೆ ಹಿಂಗೇ. ಅದಕ್ಕೇ ಗಿರಾಕಿಗಳ ಹೆಸರು, ನಂಬರ್ ಒಂದು ಪುಸ್ತಕದಲ್ಲೂ ಬರೆದಿಡಿ.

‘ಮೊದಲ ಸ್ಥಾನ ಕೊಡಿಸ್ತೀವಿ’ ಅನ್ನೋ ಫೋನ್

ಹೆಸರು ಮ್ಯಾಪ್‌ನಲ್ಲಿ ಬಂದ ಮೇಲೆ ಫೋನ್‌ಗಳೂ ಬರೋದಕ್ಕೆ ಶುರು. ‘ಗೂಗಲ್‌ನಿಂದ ಮಾತಾಡ್ತಿದ್ದೀವಿ, ನಿಮ್ಮ ಅಂಗಡಿ ಇವತ್ತು ರಾತ್ರಿ ಮ್ಯಾಪ್‌ನಿಂದ ತೆಗೀತೀವಿ, ಉಳಿಸಬೇಕಂದ್ರೆ ಇಷ್ಟು ಕಟ್ಟಿ’ ಅಂತ. ಇಲ್ಲಾ ‘ಮೊದಲ ಸ್ಥಾನ ಗ್ಯಾರಂಟಿ’ ಅಂತ. ಎರಡೂ ಸುಳ್ಳು. ಸಮಯ, ವಿಳಾಸ ಸರಿ ಇದೆಯಾ ಅಂತ ಕೇಳೋದಕ್ಕೆ ಗೂಗಲ್‌ನಿಂದ ಯಂತ್ರದ ಕರೆ ಬರೋದುಂಟು. ಆದರೆ ಪಟ್ಟಿಯಲ್ಲಿ ಇಡೋದಕ್ಕೆ ಗೂಗಲ್ ಹಣ ಕೇಳೋದಿಲ್ಲ. ನಿಮ್ಮ ಮೊಬೈಲ್‌ಗೆ ಬಂದ ಕೋಡ್ ಯಾರು ಕೇಳಿದರೂ ಹೇಳಬೇಡಿ. ಕೋಡ್ ಕೊಟ್ಟರೆ ಅಂಗಡಿಯನ್ನೇ ಅವರ ಹೆಸರಿಗೆ ಬರೆದುಕೊಟ್ಟಹಾಗೆ.

ಇನ್ನೊಂದು ಮೋಸ ದೊಡ್ಡ ಆರ್ಡರ್ ಹೆಸರಲ್ಲಿ. ‘ನಾನು ಸೈನ್ಯದಲ್ಲಿದ್ದೀನಿ, ಕ್ಯಾಂಪಿಗೆ 200 ಊಟ ಬೇಕು, ಅಡ್ವಾನ್ಸ್ ಕಳಿಸ್ತೀನಿ’ ಅಂತ ಹಿಂದಿಯಲ್ಲಿ ಫೋನ್ ಬರುತ್ತೆ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ ‘ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ಬರುತ್ತೆ’ ಅಂತಾರೆ. ಯುಪಿಐನಲ್ಲಿ ಹಣ ಬರೋದಕ್ಕೆ ಪಿನ್ ಹಾಕಬೇಕಾಗಿಲ್ಲ. ಪಿನ್ ಕೇಳಿದ್ರೆ ಹಣ ಹೋಗ್ತಿದೆ ಅಂತಲೇ ಅರ್ಥ. ಗಲ್ಲೆ ಮೇಲೆ ಕೂರೋ ಪ್ರತಿಯೊಬ್ಬರಿಗೂ, ಮನೆಯ ಹಿರಿಯರಿಗೂ ಇದನ್ನು ಹೇಳಿಡಿ.

ಹಣ ಹೋಗಿದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ಹಣಕಾಸು ಮೋಸದ ರಾಷ್ಟ್ರೀಯ ಸಹಾಯವಾಣಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯೋ ಸಾಧ್ಯತೆ ಹೆಚ್ಚು. ನಾಚಿಕೆ ಪಟ್ಟುಕೊಂಡು ಮರುದಿನದವರೆಗೆ ಕಾಯಬೇಡಿ.

ನಂಬರ್ ಬದಲಾಗಿದೆಯಾ? ವಾರಕ್ಕೊಮ್ಮೆ ನೋಡಿ

ಮ್ಯಾಪ್‌ನಲ್ಲಿ ‘ತಿದ್ದುಪಡಿ ಸೂಚಿಸಿ’ ಅನ್ನೋ ಗುಂಡಿ ಇದೆ. ಯಾರು ಬೇಕಾದರೂ ನಿಮ್ಮ ಅಂಗಡಿ ಸಮಯ, ನಂಬರ್ ಬದಲಾಯಿಸಿ ಅಂತ ಸೂಚಿಸಬಹುದು. ‘ಶಾಶ್ವತವಾಗಿ ಮುಚ್ಚಿದೆ’ ಅಂತಲೂ ಹೇಳಬಹುದು. ಗೂಗಲ್ ಕೆಲವೊಮ್ಮೆ ಅದನ್ನು ಒಪ್ಪಿಕೊಂಡೂ ಬಿಡುತ್ತೆ. 2018ರಲ್ಲಿ ಮಹಾರಾಷ್ಟ್ರದಲ್ಲಿ ಮೋಸಗಾರರು ಬ್ಯಾಂಕ್ ಶಾಖೆಗಳ ಫೋನ್ ನಂಬರ್ ತೆಗೆದು ತಮ್ಮ ನಂಬರ್ ಸೇರಿಸಿ ಗ್ರಾಹಕರನ್ನು ವಂಚಿಸಿದ ಪ್ರಕರಣ ಬಯಲಿಗೆ ಬಂದಿತ್ತು. ಬ್ಯಾಂಕಿಗೇ ಆಗಿದ್ದು ಅಂಗಡಿಗೆ ಆಗೋದಿಲ್ಲ ಅನ್ನೋ ಹಾಗಿಲ್ಲ.

ಮಾಲೀಕರ ಜಿಮೇಲ್ ನಿಮ್ಮದೇ ಆಗಿದ್ದರೆ ಇಂಥ ಬದಲಾವಣೆಯ ಸೂಚನೆ ನಿಮಗೆ ಬರುತ್ತೆ. ಆದರೂ ವಾರಕ್ಕೊಮ್ಮೆ, ಸಂತೆ ಹಿಂದಿನ ದಿನ ಅಂತ ಇಟ್ಟುಕೊಳ್ಳಿ, ಬೇರೆಯವರ ಫೋನ್‌ನಿಂದ ನಿಮ್ಮ ಅಂಗಡಿ ಹುಡುಕಿ, ಅಲ್ಲಿರೋ ನಂಬರ್ ಒತ್ತಿ ನೋಡಿ. ನಿಮ್ಮ ಫೋನ್ ರಿಂಗ್ ಆದರೆ ಸರಿ.

ಸಮಯ, ರಜೆ, ಫೋಟೊ

‘ತೆರೆದಿದೆ’ ಅಂತ ತೋರಿಸಿ ಗಿರಾಕಿ ಬಂದಾಗ ಶಟರ್ ಇಳಿದಿದ್ದರೆ ಆ ಗಿರಾಕಿ ಮತ್ತೆ ಬರೋದು ಕಷ್ಟ. ವಾರದ ರಜೆ ಸರಿಯಾಗಿ ಹಾಕಿ. ಮಧ್ಯಾಹ್ನ ಮುಚ್ಚೋರು ಬೆಳಿಗ್ಗೆ ಒಂದು ಸಮಯ, ಸಂಜೆ ಒಂದು ಸಮಯ ಅಂತ ಎರಡು ಭಾಗ ಮಾಡಿ ಹಾಕಬಹುದು. ಯುಗಾದಿ, ದೀಪಾವಳಿ, ಊರ ಜಾತ್ರೆ ದಿನಗಳಿಗೆ ‘ವಿಶೇಷ ಸಮಯ’ ಅಂತ ಬೇರೆ ಜಾಗ ಇದೆ. ಅಮಾವಾಸ್ಯೆ ದಿನ ಬಾಗಿಲು ಹಾಕೋರು ಅದನ್ನೂ ಅಲ್ಲೇ ತುಂಬಿ.

ಫೋಟೊ ಅಂದ್ರೆ ಸ್ಟುಡಿಯೊದವರೇ ಬರಬೇಕು ಅಂತಿಲ್ಲ. ಹಗಲು ಬೆಳಕಲ್ಲಿ ಮೊಬೈಲ್‌ನಿಂದ ತೆಗೆದಿದ್ದು ಸಾಕು. ರಸ್ತೆಯಿಂದ ಅಂಗಡಿ ಹೇಗೆ ಕಾಣುತ್ತೆ ಅನ್ನೋ ಫೋಟೊ ಮೊದಲು ಹಾಕಿ, ಹೊರಗಿನ ಊರಿನವರು ಗುರುತು ಹಿಡಿಯೋದು ಅದರಿಂದ. ಆಮೇಲೆ ಒಳಗಿನದು, ಮಾಲು, ರೇಟಿನ ಪಟ್ಟಿ. ಇಂಟರ್ನೆಟ್‌ನಿಂದ ಬೇರೆಯವರ ಊಟದ ತಟ್ಟೆ ಫೋಟೊ ಇಳಿಸಿ ಹಾಕಬೇಡಿ. ಬಂದವರು ಅದನ್ನೇ ಕೇಳ್ತಾರೆ, ಇಲ್ಲ ಅಂದ್ರೆ ಒಂದು ಸ್ಟಾರ್ ಕೊಟ್ಟು ಹೋಗ್ತಾರೆ.

ರಿವ್ಯೂ: ಕೇಳಬಹುದು, ಕೊಳ್ಳಬಾರದು

ಖುಷಿಯಾಗಿ ಹೋಗೋ ಗಿರಾಕಿಗೆ ‘ಗೂಗಲ್‌ನಲ್ಲಿ ಎರಡು ಮಾತು ಬರೀರಿ’ ಅಂತ ಕೇಳೋದರಲ್ಲಿ ತಪ್ಪಿಲ್ಲ. ಪ್ರೊಫೈಲ್‌ನಲ್ಲೇ ಅದಕ್ಕೆ ಲಿಂಕ್ ಮತ್ತು ಕ್ಯೂಆರ್ ಸಿಗುತ್ತೆ. ಪ್ರಿಂಟ್ ತೆಗೆದು ಗಲ್ಲೆ ಹತ್ತಿರ ಹಚ್ಚಿ. ಕನ್ನಡದಲ್ಲೇ ಬರೀಲಿ, ನಮ್ಮ ಗಿರಾಕಿಗಳು ಓದೋದು ಕನ್ನಡವೇ.

‘ಐದು ಸ್ಟಾರ್ ಕೊಟ್ಟರೆ ಒಂದು ಚಹಾ ಫ್ರೀ’ ಅನ್ನೋದು ಮಾತ್ರ ಗೂಗಲ್ ನಿಯಮಕ್ಕೆ ವಿರುದ್ಧ. ದುಡ್ಡು ಕೊಟ್ಟು ನೂರು ರಿವ್ಯೂ ಹಾಕಿಸೋದಂತೂ ಇನ್ನೂ ಅಪಾಯ. ಹಾನಗಲ್ ಅಂಗಡಿಗೆ ಒಂದೇ ರಾತ್ರಿ ಎಲ್ಲೆಲ್ಲಿಂದಲೋ ನೂರು ಜನ ‘ತುಂಬಾ ಚೆನ್ನಾಗಿದೆ’ ಅಂದ್ರೆ ಯಾರಿಗೂ ಗೊತ್ತಾಗುತ್ತೆ. ಗೂಗಲ್ ಅವನ್ನೆಲ್ಲ ಅಳಿಸಬಹುದು, ಪ್ರೊಫೈಲ್ ಮೇಲೂ ನಿರ್ಬಂಧ ಹಾಕಬಹುದು. ಸುಳ್ಳು ರಿವ್ಯೂ ತಡೆಯೋದಕ್ಕೆ ಭಾರತೀಯ ಮಾನಕ ಸಂಸ್ಥೆ ಕೂಡ 2022ರಲ್ಲಿ ಐಎಸ್ 19000 ಅನ್ನೋ ಮಾನದಂಡ ತಂದಿದೆ.

ಕೆಟ್ಟ ರಿವ್ಯೂ ಬಂದ್ರೆ? ಬೈಯಬೇಡಿ. ಉತ್ತರ ಓದೋರು ಆ ಒಬ್ಬ ಗಿರಾಕಿ ಮಾತ್ರ ಅಲ್ಲ, ನಾಳೆ ಬರೋ ನೂರು ಜನ ಓದ್ತಾರೆ. ‘ತೊಂದರೆ ಆಗಿದ್ದಕ್ಕೆ ಬೇಜಾರಾಯ್ತು, ಅಂಗಡಿಗೆ ಬನ್ನಿ, ಸರಿ ಮಾಡಿಕೊಡ್ತೀವಿ’ ಅಂತ ಎರಡು ಸಾಲು ಸಾಕು. ಅಂಗಡಿಗೇ ಬಾರದವರು ಬೇಕಂತಲೇ ಬರೆದಿದ್ದರೆ, ಜಾತಿ ಹಿಡಿದು ಬೈದಿದ್ದರೆ ಆ ರಿವ್ಯೂ ಪಕ್ಕದ ಮೂರು ಚುಕ್ಕಿ ಒತ್ತಿ ಗೂಗಲ್‌ಗೆ ದೂರು ಕೊಡಬಹುದು.

ಮನೆಯಿಂದ ಕೆಲಸ ಮಾಡೋರಿಗೆ

ಎಲೆಕ್ಟ್ರಿಷಿಯನ್, ಪ್ಲಂಬರ್, ಬೋರ್‌ವೆಲ್ ಮೋಟರ್ ರಿಪೇರಿ, ಮದುವೆಗೆ ಮೇಕಪ್ ಮಾಡೋರು, ಇವರಿಗೆ ಅಂಗಡಿ ಇರೋದಿಲ್ಲ, ಅವರೇ ಗಿರಾಕಿ ಹತ್ತಿರ ಹೋಗ್ತಾರೆ. ಇಂಥವರೂ ಪ್ರೊಫೈಲ್ ಮಾಡಬಹುದು. ಮನೆ ವಿಳಾಸ ಮರೆಮಾಡಿ, ಬದಲಿಗೆ ‘ಸೇವಾ ಪ್ರದೇಶ’ ಅಂತ ಊರುಗಳ ಹೆಸರು ಕೊಡಿ. 20 ಪ್ರದೇಶದವರೆಗೆ ಹಾಕಬಹುದು. ಮನೆಯಲ್ಲಿ ಒಬ್ಬರೇ ಇರೋ ಹೆಣ್ಣುಮಕ್ಕಳು ವಿಳಾಸ ಮರೆಮಾಡೋದು ಕಡ್ಡಾಯ ಅಂತಲೇ ತಿಳಿದುಕೊಳ್ಳಿ. ಅಂಗಡಿಗೆ ಅಂತ ಬೇರೆ ಸಿಮ್ ಇಟ್ಟುಕೊಂಡರೆ ಇನ್ನೂ ಒಳ್ಳೇದು.

ಗಿರಾಕಿಯನ್ನು ಎದುರಾ ಎದುರು ನೋಡದೆ ಬರೀ ಕೊರಿಯರ್‌ನಲ್ಲಿ ಮಾರೋ ವ್ಯಾಪಾರಕ್ಕೆ ಮಾತ್ರ ಈ ಪ್ರೊಫೈಲ್ ಸಿಗೋದಿಲ್ಲ. ಅವರಿಗೆ ವಾಟ್ಸ್ಯಾಪ್, ಇನ್‌ಸ್ಟಾಗ್ರಾಂ ದಾರಿ.

ವಾಟ್ಸ್ಯಾಪ್ ಬಿಸಿನೆಸ್

2018ರಲ್ಲಿ ಬಂದ ಈ ಆ್ಯಪ್ ಕೂಡ ಉಚಿತ. ಎರಡು ಸಿಮ್ ಇರೋ ಫೋನ್‌ನಲ್ಲಿ ಒಂದು ನಂಬರ್‌ಗೆ ಮಾಮೂಲಿ ವಾಟ್ಸ್ಯಾಪ್, ಇನ್ನೊಂದಕ್ಕೆ ಬಿಸಿನೆಸ್ ಇಟ್ಟುಕೊಳ್ಳಬಹುದು. ಅಂಗಡಿಯ ಲ್ಯಾಂಡ್‌ಲೈನ್ ನಂಬರ್‌ಗೂ ಮಾಡಬಹುದು, ಕೋಡ್ ಅನ್ನು ಕರೆ ಮಾಡಿ ಹೇಳ್ತಾರೆ.

ಇದರಲ್ಲಿ ಕ್ಯಾಟಲಾಗ್ ಇದೆ. 500 ವಸ್ತುಗಳವರೆಗೆ ಫೋಟೊ, ರೇಟು ಹಾಕಿಡಬಹುದು. ‘ಏನೇನೈತ್ರಿ, ಎಷ್ಟು ರೇಟು?’ ಅಂದವರಿಗೆ ಒಂದೇ ಲಿಂಕ್ ಕಳಿಸಿದ್ರೆ ಮುಗೀತು. ಅಂಗಡಿ ಮುಚ್ಚಿದ ಮೇಲೆ ಮೆಸೇಜ್ ಬಂದ್ರೆ ‘ಬೆಳಿಗ್ಗೆ 9ಕ್ಕೆ ಉತ್ತರ ಕೊಡ್ತೀವಿ’ ಅಂತ ತಾನಾಗೇ ಹೋಗೋ ಹಾಗೆ ಇಡಬಹುದು. ‘ಹಣ ಬಂದಿದೆ’, ‘ಮಾಲು ಕಳಿಸಬೇಕು’ ಅಂತ ಲೇಬಲ್ ಹಚ್ಚಿಕೊಳ್ಳಬಹುದು.

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಂದು ಸಲಕ್ಕೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತೆ. ಬಿಲ್ ಕೊಡುವಾಗಲೇ ‘ನಂಬರ್ ಸೇವ್ ಮಾಡ್ಕೊಳ್ರಿ’ ಅಂತ ಹೇಳಿ. ಕೇಳದವರಿಗೆ ದಿನಾ ಶುಭೋದಯ ಕಳಿಸಿದ್ರೆ ಬ್ಲಾಕ್ ಮಾಡ್ತಾರೆ. ತುಂಬ ಜನ ದೂರು ಕೊಟ್ಟರೆ ನಂಬರ್ರೇ ಬಂದ್ ಆಗಬಹುದು.

ಇಲ್ಲೂ ಕೀಲಿಕೈ ಮಾತು ಮರೆಯಬೇಡಿ. ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆಗೆ 6 ಅಂಕಿಯ ಪಿನ್ ಹಾಕಿ. ‘ಲಿಂಕ್ಡ್ ಡಿವೈಸಸ್’ ತೆಗೆದು ಯಾರ ಕಂಪ್ಯೂಟರ್‌ನಲ್ಲಿ ನಿಮ್ಮ ವಾಟ್ಸ್ಯಾಪ್ ತೆರೆದಿದೆ ಅಂತ ಆಗಾಗ ನೋಡಿ. ಝೆರಾಕ್ಸ್ ಅಂಗಡಿಯಲ್ಲಿ ತೆರೆದು ಹಾಗೇ ಬಿಟ್ಟುಬಂದಿದ್ದು ಅಲ್ಲಿ ಕಾಣುತ್ತೆ.

ಫೇಸ್‌ಬುಕ್, ಇನ್‌ಸ್ಟಾದಲ್ಲಿ ದುಡ್ಡು ಹಾಕೋ ಮುಂಚೆ

ಉಚಿತದ ಕೆಲಸ ಎಲ್ಲ ಮುಗಿದ ಮೇಲೆ ಜಾಹೀರಾತಿನ ಯೋಚನೆ ಮಾಡಿ. ಪೋಸ್ಟ್ ‘ಬೂಸ್ಟ್’ ಮಾಡುವಾಗ ಇಡೀ ಕರ್ನಾಟಕ ಅಂತ ಇಟ್ಟರೆ ಬೀದರ್‌ನವರು ಲೈಕ್ ಒತ್ತುತ್ತಾರೆ, ರಟ್ಟೀಹಳ್ಳಿ ಅಂಗಡಿಗೆ ಯಾರೂ ಬರೋದಿಲ್ಲ. ಅಂಗಡಿ ಸುತ್ತ ಇಷ್ಟು ಕಿಲೋಮೀಟರ್ ಅಂತ ಆರಿಸಿ. ಮುಗಿಯೋ ದಿನಾಂಕ ಹಾಕಿ, ಇಲ್ಲಾಂದ್ರೆ ಹಣ ಕಡಿತ ಆಗ್ತಾನೇ ಇರುತ್ತೆ. ಜಾಹೀರಾತಿನ ಮೊತ್ತಕ್ಕೆ ಶೇ 18 ಜಿಎಸ್‌ಟಿ ಬೀಳುತ್ತೆ, ಲೆಕ್ಕದಲ್ಲಿ ಇರಲಿ.

ಲೈಕ್ ಎಣಿಸಬೇಡಿ, ಫೋನ್ ಎಣಿಸಿ. ಹೊಸ ಗಿರಾಕಿ ಬಂದಾಗ ‘ನಮ್ಮ ಅಂಗಡಿ ಹೆಂಗ ಗೊತ್ತಾತ್ರಿ?’ ಅಂತ ಕೇಳಿ ಬಿಲ್ ಬುಕ್ ಅಂಚಿನಲ್ಲಿ ಗುರುತು ಹಾಕಿ. ತಿಂಗಳ ಕೊನೆಗೆ ಯಾವುದಕ್ಕೆ ಹಾಕಿದ ದುಡ್ಡು ಬಂತು, ಯಾವುದು ದಂಡ ಅಂತ ನಿಮಗೇ ಗೊತ್ತಾಗುತ್ತೆ.

ಹೋರಿ ಹಬ್ಬದ ರೀಲ್ಸ್ ಮಾಡೋ ಪೇಜ್‌ನವರಿಗೆ ದುಡ್ಡು ಕೊಟ್ಟು ಪ್ರಚಾರ ಮಾಡಿಸೋದಾದರೆ ಅದು ಜಾಹೀರಾತು ಅಂತ ವಿಡಿಯೊದಲ್ಲಿ ತಿಳಿಸಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ.

ಬ್ಯಾಡಗಿ ಮೆಣಸಿನಕಾಯಿ, ಏಲಕ್ಕಿ ಮಾಲೆ: ಹೊರಗಿನ ಗಿರಾಕಿ

ನಮ್ಮ ಜಿಲ್ಲೆಗೆ ಹೆಸರಿನ ಆಸ್ತಿ ಇದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬಣ್ಣ ಹೆಚ್ಚು, ಖಾರ ಕಡಿಮೆ ಅಂತ ದೇಶವಿಡೀ ಗೊತ್ತು. ಹಾವೇರಿ ಏಲಕ್ಕಿ ಮಾಲೆ ಗಣ್ಯರ ಕೊರಳಿಗೆ ಬೀಳುತ್ತೆ. ಬೆಂಗಳೂರಿನಲ್ಲಿ ಯಾರೋ ಈ ಹೆಸರು ಹುಡುಕಿದಾಗ ಬ್ಯಾಡಗಿ, ಹಾವೇರಿಯ ಅಂಗಡಿಯೇ ಬರಲಿ.

ಫೋಟೊ ಹಾಕುವಾಗ ಬರೀ ‘ಕೆಂಪು ಮೆಣಸಿನಕಾಯಿ’ ಅನ್ನಬೇಡಿ. ಡಬ್ಬಿಯೋ ಕಡ್ಡಿಯೋ, ತೊಟ್ಟು ತೆಗೆದದ್ದೋ ಅಲ್ಲವೋ, ಪುಡಿಯೋ ಇಡಿಯೋ, ತೂಕ ಎಷ್ಟು, ಕೊರಿಯರ್ ಖರ್ಚು ಯಾರದು, ಎಲ್ಲ ಬರೀರಿ. ಕೊಳ್ಳೋರು ಕೇಳೋದೇ ಇದನ್ನು. ಬೇರೆ ಕಡೆಯ ಕಾಯಿಗೆ ಬ್ಯಾಡಗಿ ಹೆಸರು ಹಚ್ಚಿ ಮಾರಿದ್ರೆ ಕಾನೂನಿನ ತೊಂದರೆ ಒಂದು ಕಡೆ, ಊರ ಹೆಸರೇ ಕೆಡೋದು ಇನ್ನೊಂದು ಕಡೆ. ಖಾರದ ಪುಡಿ, ರೊಟ್ಟಿ, ಶೇಂಗಾ ಚಟ್ನಿ ಪ್ಯಾಕ್ ಮಾಡಿ ಮಾರೋರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, 14 ಅಂಕಿಯ ಆ ನಂಬರ್ ಪ್ಯಾಕೆಟ್ ಮೇಲೆ ಹಾಕಬೇಕು. ಸಣ್ಣ ಉದ್ದಿಮೆಯ ‘ಉದ್ಯಮ್’ ನೋಂದಣಿಗೆ ಸರ್ಕಾರ ಶುಲ್ಕ ತಗೊಳ್ಳೋದಿಲ್ಲ. ಸಾವಿರಗಟ್ಟಲೆ ಕೇಳೋ ನಕಲಿ ವೆಬ್‌ಸೈಟ್‌ಗಳಿವೆ, ಹುಷಾರು.

ಇವತ್ತೇ ನೋಡಬೇಕಾದ ಐದು ವಿಷಯ

1. ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ಇದೆಯಾ?
2. ಅದರ ಪ್ರಧಾನ ಮಾಲೀಕ ಯಾರ ಜಿಮೇಲ್?
3. ಅಲ್ಲಿರೋ ನಂಬರ್ ಒತ್ತಿದರೆ ನಿಮ್ಮ ಫೋನ್ ರಿಂಗ್ ಆಗುತ್ತಾ?
4. ಸಮಯ, ವಾರದ ರಜೆ ಸರಿ ಇದೆಯಾ?
5. ವಾಟ್ಸ್ಯಾಪ್‌ಗೆ ಪಿನ್ ಹಾಕಿದ್ದೀರಾ?

ಐದಕ್ಕೂ ‘ಹೌದು, ನಮ್ಮದೇ’ ಅನ್ನೋ ಉತ್ತರ ಬಂದರೆ ನಿಮ್ಮ ಅರ್ಧ ಪ್ರಚಾರ ಆದಹಾಗೆ. ಇನ್ನರ್ಧ ಅಂಗಡಿಯಲ್ಲಿ ಕೊಡೋ ಮಾಲಿನಲ್ಲಿ, ಆಡೋ ಮಾತಿನಲ್ಲಿ ಇರುತ್ತೆ. ಎರಡನೇ ಪ್ರಶ್ನೆಗೆ ‘ಗೊತ್ತಿಲ್ಲ’ ಅನ್ನೋ ಉತ್ತರ ಬಂದವರು ನಾಳೆಗೆ ಬಿಡದೆ ಇವತ್ತು ಸಂಜೆಯೇ ನೋಡಿಕೊಳ್ಳಿ.